ಮೂವತ್ತು ದಿನದ ಕರೆಂಟು

ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಕ್ಯಾನ್ಸರಿಗೆ ಮಾಡುವ ವಿಕಿರಣ ಚಿಕಿತ್ಸೆಗೆ ‘ಕರೆಂಟು ಕೊಡಿಸುವುದು’ ಎಂದೇ ಹೆಸರು. ಆಸ್ಪತ್ರೆಯ ಫಲಕದ ಮೇಲೆ ಏನೇ ಬರೆದಿರಲಿ, ಪಠ್ಯಪುಸ್ತಕದಲ್ಲಿ ನಾವು ಏನೇ ಕಲಿಸಿರಲಿ, ಬಾಯಿಂದ ಬಾಯಿಗೆ ಹರಿದು ಬಂದು ನಿಂತ ಮಾತು ಅದೇ. ಭಾಷೆಯ ದೃಷ್ಟಿಯಿಂದ ನನಗೆ ಇದರ ಬಗ್ಗೆ ದೂರಿಲ್ಲ. ಕಣ್ಣಿಗೆ ಕಾಣದ, ಯಂತ್ರದಿಂದ ಬರುವ, ಗುಂಡಿ ಒತ್ತಿದರೆ ಹರಿದು ಗುಂಡಿ ಬಿಟ್ಟರೆ ನಿಲ್ಲುವ ಶಕ್ತಿಯನ್ನು ಜನ ಕರೆಂಟು ಎನ್ನದೆ ಇನ್ನೇನೆಂದಾರು? ಆದರೆ ಮಾನಸಿಕ ರೋಗಿಗಳಿಗೆ ಕೊಡುವ ವಿದ್ಯುತ್ ಚಿಕಿತ್ಸೆಗೂ ನಮ್ಮಲ್ಲಿ ಇದೇ ಹೆಸರಿರುವುದರಿಂದ ಒಂದರ ಭಯ ಇನ್ನೊಂದಕ್ಕೆ ಅಂಟಿಕೊಂಡುಬಿಟ್ಟಿದೆ. ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಮೈಗೆ ತಂತಿ ಹಚ್ಚುತ್ತಾರಂತೆ ಎಂಬ ಕಲ್ಪನೆಯನ್ನು ಹೊತ್ತುಕೊಂಡೇ ಬಹುಪಾಲು ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ನನ್ನ ಭಾವನವರೂ ಹಾಗೆಯೇ ಹತ್ತಿದರು. ಭಾವ ಎಂದರೆ ನನ್ನ ಅಕ್ಕನ ಯಜಮಾನರು, ತೀರ್ಥಹಳ್ಳಿಯಿಂದಾಚೆ ಹದಿನಾಲ್ಕು ಕಿಲೋಮೀಟರ್ ಒಳಗಿರುವ ಹಳ್ಳಿಯ ಅಡಿಕೆ ಬೆಳೆಗಾರರು, ಎಪ್ಪತ್ತಮೂರರ ವಯಸ್ಸು. 2024ರ ಏಪ್ರಿಲ್‌ನಲ್ಲಿ ಎಡಗೆನ್ನೆಯ ಒಳಭಾಗದಲ್ಲಿ ವಾಸಿಯಾಗದ ಹುಣ್ಣೊಂದು ಕಾಣಿಸಿಕೊಂಡಿತು. ಐವತ್ತು ವರ್ಷಗಳಿಂದ ಕವಳವನ್ನು ಇಟ್ಟುಕೊಳ್ಳುತ್ತಿದ್ದ ಕೆನ್ನೆ ಅದೇ. ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಗಿ ಗಾಯ ಕೂಡಿದ ಮೇಲೆ ವೈದ್ಯರು, ಉಳಿದಿರಬಹುದಾದ ಕಣಗಳಿಗಾಗಿ ವಿಕಿರಣ ಬೇಕೇ ಬೇಕು, ವಾರಕ್ಕೆ ಐದರಂತೆ ಮೂವತ್ತು ದಿನ, ತಡಮಾಡುವಂತಿಲ್ಲ ಎಂದರು. ಭಾವ ವೈದ್ಯರ ಮುಂದೆ ಸುಮ್ಮನಿದ್ದು, ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಕೇಳಿದರು: “ನೀನು ವಿಜ್ಞಾನದ ಮೇಷ್ಟ್ರಲ್ವನಾ ಮಾರಾಯ, ನಿಜ ಹೇಳು. ಒಳಗಿಂದ ಸುಡ್ತದಾ?”

ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ನನಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಮನೆಗೆ ಬಂದು, ಹಳೆಯ ಅಭ್ಯಾಸದಂತೆ ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿದೆ. ವಿಕಿರಣದ ಪ್ರಮಾಣವನ್ನು ಅಳೆಯುವ ಮಾನಕ್ಕೆ ಇಂಗ್ಲೆಂಡಿನ ಭೌತವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರನ್ನಿಟ್ಟಿದ್ದಾರೆ. ಒಂದು ಕಿಲೋಗ್ರಾಂ ಅಂಗಾಂಶದಲ್ಲಿ ಒಂದು ಜೂಲ್ ಶಕ್ತಿ ಹೀರಿಕೆಯಾದರೆ ಅದು ಒಂದು ಗ್ರೇ. ಭಾವನಿಗೆ ಬರೆದಿದ್ದುದು ದಿನಕ್ಕೆ 2 ಗ್ರೇಯಂತೆ ಒಟ್ಟು 60 ಗ್ರೇ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಸುಮಾರು 4,200 ಜೂಲ್ ಬೇಕು. ಅಂದಮೇಲೆ ದಿನದ ಆ ಎರಡು ಜೂಲ್‌ಗಳಿಂದ ಕೆನ್ನೆ ಬಿಸಿಯಾಗುವುದು ಒಂದು ಡಿಗ್ರಿಯ ಎರಡು ಸಾವಿರದ ನೂರನೆಯ ಒಂದು ಪಾಲು! ಬಿಸಿ ಕಾಫಿಯ ಒಂದು ಗುಟುಕು ಇದಕ್ಕಿಂತ ಎಷ್ಟೋ ಸಾವಿರ ಪಾಲು ಹೆಚ್ಚು ಸುಡುತ್ತದೆ. ಈ ಕಿರಣಗಳ ಕೆಲಸ ಬಿಸಿ ಮಾಡುವುದಲ್ಲ. ಜೀವಕೋಶದೊಳಗೆ ಸಂತಾನದ ಗುಟ್ಟನ್ನು ಹೊತ್ತ ಡಿಎನ್ಎ ಎಳೆಗಳನ್ನು ಅಲ್ಲಲ್ಲಿ ತುಂಡರಿಸುವುದು. ಎಳೆ ತುಂಡಾದ ಕೋಶ ಆ ಕ್ಷಣವೇ ಸಾಯಬೇಕೆಂದಿಲ್ಲ. ಅದು ಎರಡಾಗಲು ಹೊರಟಾಗ ಆಗಲಾರದೆ ಸಾಯುತ್ತದೆ. ಭಾವ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಅರ್ಥವಾಯಿತೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಅವರೇ ಇನ್ನೊಬ್ಬರಿಗೆ “ಸುಡೂದಿಲ್ಲ ಅಂತೆ, ಲೆಕ್ಕ ಉಂಟು” ಎನ್ನುತ್ತಿದ್ದುದನ್ನು ಕೇಳಿಸಿಕೊಂಡೆ.

ಈ ಬರಹದಲ್ಲಿ ನಾನು ಹೇಳಹೊರಟಿರುವುದು ಕಿರಣಗಳ ವಿಷಯಕ್ಕಿಂತ ಹೆಚ್ಚಾಗಿ ಆ ಬೆಂಚಿನ ವಿಷಯ. ವಿಕಿರಣ ಚಿಕಿತ್ಸೆಗೆ ಇತರ ಚಿಕಿತ್ಸೆಗಳಿಗಿಲ್ಲದ ಒಂದು ವಿಚಿತ್ರ ಗುಣವಿದೆ. ಶಸ್ತ್ರಚಿಕಿತ್ಸೆಯಾದರೆ ಒಂದು ದಿನದ ಮಹಾಯುದ್ಧ. ಎಷ್ಟೇ ದೂರವಾದರೂ ಹೋಗಿ ಮಾಡಿಸಿಕೊಂಡು ಬರಬಹುದು. ಮದ್ದಿನ ಚಿಕಿತ್ಸೆಯಾದರೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಪ್ರಯಾಣ. ವಿಕಿರಣವಾದರೋ ದಿನಕ್ಕೆ ಹತ್ತು ನಿಮಿಷದ ಕೆಲಸ, ಆದರೆ ಆರು ವಾರ ಪ್ರತಿದಿನವೂ ಆ ಹತ್ತು ನಿಮಿಷಕ್ಕಾಗಿ ಯಂತ್ರದ ಮುಂದೆ ಹಾಜರಿರಬೇಕು. ಒಂದೇ ದಿನ ಎಲ್ಲವನ್ನೂ ಕೊಟ್ಟು ಮುಗಿಸಬಾರದೇ ಎಂದರೆ ಹಾಗೆ ಕೊಟ್ಟರೆ ರೋಗದ ಜೊತೆಗೆ ಆರೋಗ್ಯವಂತ ಅಂಗಾಂಶವೂ ಹೋಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಒಳ್ಳೆಯ ಕೋಶಗಳು ರಾತ್ರಿ ಬೆಳಗಾಗುವುದರೊಳಗೆ ತಮ್ಮ ಹರಿದ ಎಳೆಗಳನ್ನು ಬಹುಮಟ್ಟಿಗೆ ಹೊಲಿದುಕೊಳ್ಳುತ್ತವೆ, ಕ್ಯಾನ್ಸರಿನ ಕೋಶಗಳಿಗೆ ಆ ಜಾಣ್ಮೆ ಕಡಿಮೆ. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹೆನ್ರಿ ಕೂತಾರ್ ಎಂಬ ವೈದ್ಯರು ಗಂಟಲಿನ ಕ್ಯಾನ್ಸರಿಗೆ ಹೀಗೆ ವಾರಗಟ್ಟಲೆ ಹಂಚಿ ಕೊಟ್ಟು ಗುಣ ಕಂಡರು. ಇಂದಿಗೂ ಎಲ್ಲೆಡೆ ನಡೆಯುತ್ತಿರುವುದು ಆ ದಾರಿಯ ಮುಂದುವರಿಕೆಯೇ. ಆದರೆ ಹಂಚುವುದಕ್ಕೂ ಬಿಡುವುದಕ್ಕೂ ವ್ಯತ್ಯಾಸವಿದೆ. ನಡುವೆ ದಿನಗಳು ತಪ್ಪಿದರೆ, ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಮರಳಿ ಬೆಳೆಯತೊಡಗುತ್ತವೆ. ತಲೆ ಕುತ್ತಿಗೆಯ ಭಾಗದ ಕ್ಯಾನ್ಸರುಗಳಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಒಂದರಂತೆ ಇಳಿಯುತ್ತದೆ ಎಂಬುದು ವೈದ್ಯರು ಬಹಳ ವರ್ಷಗಳಿಂದ ಕಂಡುಕೊಂಡಿರುವ ಲೆಕ್ಕ. ಆದುದರಿಂದ ಯಂತ್ರ ಎಷ್ಟು ಹೊಸದು ಎಂಬ ಪ್ರಶ್ನೆಯಷ್ಟೇ ದೊಡ್ಡದು ಮನೆಯಿಂದ ಎಷ್ಟು ದೂರ ಎಂಬ ಪ್ರಶ್ನೆ.

ಇದನ್ನು ನನಗೆ ಮೊದಲು ಕಲಿಸಿದವರು ನನ್ನ ದೊಡ್ಡಮ್ಮ. 1988ರ ಮಾತು. ಆಕೆಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್. ಆಗ ನಮ್ಮ ಕಡೆಯವರಿಗೆ ಕ್ಯಾನ್ಸರ್ ಎಂದರೆ ಬೆಂಗಳೂರು. ಕಿದ್ವಾಯಿ ಸಂಸ್ಥೆ 1973ರಿಂದ ಅಲ್ಲಿತ್ತು. ಇಡೀ ರಾಜ್ಯದ ಬಡವರು ಅಲ್ಲಿಗೇ ಹೋಗುತ್ತಿದ್ದ ಕಾಲ. ಬೆಂಗಳೂರಿನಲ್ಲಿ ದೊಡ್ಡಮ್ಮನಿಗೆ ಹೊರಗಿನಿಂದ ಇಪ್ಪತ್ತೈದು ದಿನ, ಆಮೇಲೆ ಒಳಗಿನಿಂದ ಕೊಡುವ ವಿಕಿರಣ ಎಂದು ಗೊತ್ತುಮಾಡಿದರು. ಮನೆಯಿಂದ ಮುನ್ನೂರೈವತ್ತು ಕಿಲೋಮೀಟರಿಗೂ ಮೇಲೆ. ಛತ್ರವೊಂದರಲ್ಲಿ ಕೋಣೆ ಹಿಡಿದು ಮೊದಲ ವಾರ ನಾನು ರಜೆ ಹಾಕಿ ಜೊತೆಗಿದ್ದೆ, ಆಮೇಲೆ ಆಕೆಯ ಮಗ. ಆಕೆ ಯೌವನದಲ್ಲೇ ಗಂಡನನ್ನು ಕಳೆದುಕೊಂಡು ಎರಡು ಎಕರೆ ತೋಟ, ನಾಲ್ಕು ಎಮ್ಮೆ, ಒಬ್ಬ ಮಗನನ್ನು ಒಂಟಿಯಾಗಿ ಸಾಕಿದವರು. ಛತ್ರದ ಗೋಡೆ ನೋಡುತ್ತ ಕೂರುವುದು ಆಕೆಯ ಜೀವನದಲ್ಲೇ ಇರಲಿಲ್ಲ. ದಿನದ ಇಪ್ಪತ್ತಮೂರೂ ಮುಕ್ಕಾಲು ಗಂಟೆ ಮಾಡಲು ಏನೂ ಇಲ್ಲ. ಕೊಟ್ಟಿಗೆಯಲ್ಲಿ ಯಾರು ಹಾಲು ಕರೆಯುತ್ತಿದ್ದಾರೋ, ಗೊನೆಗೆ ಕೊಳೆ ಬಂತೋ ಎಂಬುದೇ ಧ್ಯಾನ. ಹನ್ನೊಂದು ದಿನ ಮುಗಿದಿತ್ತು. ಅಷ್ಟರಲ್ಲಿ ಭೂಮಿಹುಣ್ಣಿಮೆ ಬಂತು. ತೋಟದ ಭೂಮಿತಾಯಿಗೆ ಬಯಕೆಯ ಅನ್ನ ಬಡಿಸದೆ ಹೇಗಿರಲಿ, ಎರಡು ದಿನ ಹೋಗಿಬರುತ್ತೇನೆ ಎಂದು ಹಟ ಹಿಡಿದು ಹೊರಟರು. ಬಂದವರು ಮರಳಲಿಲ್ಲ. ರಕ್ತ ಹೋಗುವುದು ಆ ಹನ್ನೊಂದು ದಿನದಲ್ಲೇ ನಿಂತಿದ್ದರಿಂದ “ನನಗೆ ಗುಣ ಆಗಿದೆ, ಇನ್ನೆಂತಕ್ಕೆ?” ಎಂಬುದು ಆಕೆಯ ವಾದ. ಯಾರ ಮಾತಿಗೂ ಬಗ್ಗುವ ಜೀವ ಅದಾಗಿರಲಿಲ್ಲ. 1990ರ ಬೇಸಿಗೆಯಲ್ಲಿ ತೀರಿಕೊಂಡರು. ಉಳಿದ ಹದಿನಾಲ್ಕು ದಿನ ಮುಗಿಸಿದ್ದರೆ ಬದುಕುತ್ತಿದ್ದರೇ ಎಂದು ಹೇಳಬಲ್ಲವರು ಯಾರೂ ಇಲ್ಲ. ಆದರೆ ಆಕೆ ಬಿಟ್ಟುಬಂದದ್ದು ಚಿಕಿತ್ಸೆಗೆ ಹೆದರಿ ಅಲ್ಲ, ಛತ್ರಕ್ಕೆ ಬೇಸತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭಾವನ ಪಾಲಿಗೆ ಕಾಲ ಬದಲಾಗಿತ್ತು. ಯಂತ್ರ ಶಿವಮೊಗ್ಗಕ್ಕೇ ಬಂದಿತ್ತು. ನಮ್ಮ ಮನೆಯಿಂದ ಆಟೋದಲ್ಲಿ ಹದಿನೈದು ನಿಮಿಷದ ಹಾದಿ. ಟ್ರಸ್ಟೊಂದು ನಡೆಸುವ ಸಾಧಾರಣ ಆಸ್ಪತ್ರೆ. ಹೆರಿಗೆ, ಜ್ವರ, ಮೂಳೆ ಮುರಿತ ಎಲ್ಲವನ್ನೂ ನೋಡುವ ಅದೇ ಕಟ್ಟಡದ ಹಿಂಬದಿಯಲ್ಲಿ, ನೆಲಮಾಳಿಗೆಯಲ್ಲಿ ವಿಕಿರಣ ವಿಭಾಗ. ಮೇಲೆ ಮಗು ಹುಟ್ಟಿದ ಸಂಭ್ರಮಕ್ಕೆ ಪೇಡಾ ಹಂಚುತ್ತಿರುತ್ತಾರೆ, ಕೆಳಗೆ ನಾವು ಸರದಿಗೆ ಕಾಯುತ್ತಿರುತ್ತೇವೆ. ಕ್ಯಾನ್ಸರಿಗಾಗಿಯೇ ಕಟ್ಟಿದ ದೊಡ್ಡ ಆಸ್ಪತ್ರೆಗಳಲ್ಲಿ ಕಾಲಿಟ್ಟೊಡನೆ ಎದೆ ಹಿಡಿಯುವ ಮೌನವೊಂದಿರುತ್ತದೆ. ಅದು ಇಲ್ಲಿರಲಿಲ್ಲ. ಹಾದಿಯಲ್ಲಿ ಸಿಕ್ಕ ಪರಿಚಿತರು ಎಲ್ಲಿಗೆ ಹೊರಟಿರಿ ಎಂದರೆ ಭಾವ ಆಸ್ಪತ್ರೆಯ ಹೆಸರು ಹೇಳುತ್ತಿದ್ದರು, ಅವರು ಸಕ್ಕರೆ ಕಾಯಿಲೆಯೋ ಮಂಡಿನೋವೋ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಮಾತನಾಡಲು ಮನಸ್ಸಿಲ್ಲದ ದಿನಗಳಲ್ಲಿ ಇದೂ ಒಂದು ಉಪಕಾರವೇ.

ಚಿಕಿತ್ಸೆಗೆ ಮೊದಲೇ ಸುಮಾರು ಎರಡು ವಾರದ ಸಿದ್ಧತೆ ನಡೆಯಿತು. ಹಲ್ಲಿನ ವೈದ್ಯರು ಹುಳುಕಾದ ನಾಲ್ಕು ಹಲ್ಲುಗಳನ್ನು ಕಿತ್ತರು. ವಿಕಿರಣ ಬಿದ್ದ ದವಡೆಯ ಮೂಳೆಗೆ ಗಾಯ ಮಾಯಿಸಿಕೊಳ್ಳುವ ಶಕ್ತಿ ಕುಗ್ಗುವುದರಿಂದ ಆಮೇಲೆ ಹಲ್ಲು ಕೀಳುವುದು ಅಪಾಯವಂತೆ. ಬಳಿಕ ಮುಖವಾಡ. ರಂಧ್ರಗಳಿರುವ ಬಿಳಿಯ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿದರೆ ಅದು ನೀರುದೋಸೆಯಂತೆ ಮೆತ್ತಗಾಗುತ್ತದೆ. ಅದನ್ನು ಮಲಗಿದವರ ಮುಖ, ಕುತ್ತಿಗೆ, ಭುಜದ ಮೇಲೆ ಎಳೆದು ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಪ್ರತಿದಿನವೂ ಅದನ್ನು ಮುಖಕ್ಕೆ ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ತಲೆ ಮಿಸುಕಬಾರದು, ಗುರಿ ಮಿಲಿಮೀಟರ್ ಲೆಕ್ಕದ್ದು. ಗುರುತಿನ ಗೆರೆಗಳನ್ನೂ ಮುಖವಾಡದ ಮೇಲೆಯೇ ಬರೆಯುವುದರಿಂದ ಮುಖಕ್ಕೆ ಬಣ್ಣ ಮೆತ್ತುವ ಕಷ್ಟವಿಲ್ಲ. ಯಕ್ಷಗಾನದ ಹುಚ್ಚಿನ ಭಾವ ಮೊದಲ ದಿನ ಹೊರಗೆ ಬಂದವರೇ “ಚೌಕಿಯಲ್ಲಿ ಬಣ್ಣದ ವೇಷಕ್ಕೆ ಮಲಗಿಸಿದ ಹಾಗಾಯ್ತು ಮಾರಾಯ, ಕುಣಿಯೂದು ಮಾತ್ರ ಬೇಡ ಅಂದ್ರು” ಎಂದರು. ಅಕ್ಕ ಅಂದು ಅನೇಕ ದಿನಗಳ ಮೇಲೆ ನಕ್ಕಳು.

ಮುಖವಾಡ ತೊಟ್ಟು ಸಿಟಿ ಸ್ಕ್ಯಾನ್ ಆದ ಮೇಲೆ ವೈದ್ಯರೂ ಭೌತವಿಜ್ಞಾನಿಯೂ ಕೂತು ಕಿರಣ ಎಲ್ಲೆಲ್ಲಿಂದ, ಎಷ್ಟೆಷ್ಟು ಹೋಗಬೇಕೆಂದು ನಕ್ಷೆ ತಯಾರಿಸಿದರು. ಆಸ್ಪತ್ರೆಯಲ್ಲಿ ಭೌತವಿಜ್ಞಾನಿಯೊಬ್ಬರು ಇರುತ್ತಾರೆ, ಅವರಿಲ್ಲದೆ ಯಂತ್ರ ನಡೆಸುವಂತಿಲ್ಲ ಎಂಬುದನ್ನು ನಾನು ತಿಳಿದದ್ದು ಆಗಲೇ. ‘ಫಿಸಿಕ್ಸ್ ಓದಿದರೆ ಮೇಷ್ಟ್ರಾಗಬೇಕು ಅಷ್ಟೆ’ ಎನ್ನುತ್ತಿದ್ದ ನನ್ನ ಕಾಲದ ಸಹೋದ್ಯೋಗಿಗಳಿಗೆ ಈ ಸುದ್ದಿ ಮುಟ್ಟಿಸಬೇಕೆನಿಸಿತು. ಅಲ್ಲಿದ್ದವರು ಮೂವತ್ತು ದಾಟಿರದ ಹೆಣ್ಣುಮಗಳು. ನಾನು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರಿಸುತ್ತಿದ್ದರು. ಈಗಿರುವುದು ಲೀನಿಯರ್ ಆಕ್ಸಿಲರೇಟರ್, ವಿದ್ಯುತ್ತಿನಿಂದ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಟಂಗ್‌ಸ್ಟನ್ ಫಲಕಕ್ಕೆ ಗುದ್ದಿಸಿ ಎಕ್ಸ್ ಕಿರಣ ಹೊರಡಿಸುವ ಯಂತ್ರ. ಸ್ವಿಚ್ಚು ಆರಿಸಿದರೆ ಕಿರಣವೂ ಇಲ್ಲ. (ಈ ದೃಷ್ಟಿಯಿಂದ ನಮ್ಮ ಜನರ ‘ಕರೆಂಟು’ ಎಂಬ ಹೆಸರೇ ಸರಿ ಎನಿಸಿತು!) ಮುಂಚೆ ಅಲ್ಲಿದ್ದುದು ಕೋಬಾಲ್ಟ್ ಯಂತ್ರ. ಕೋಬಾಲ್ಟ್-60ಕ್ಕೆ ಸ್ವಿಚ್ಚಿಲ್ಲ. ಅದು ಹಗಲೂ ರಾತ್ರಿಯೂ ಉರಿಯುತ್ತಲೇ ಇರುವ ಕೆಂಡ; ದಪ್ಪ ಕವಚದೊಳಗೆ ಮುಚ್ಚಿಟ್ಟು, ಬೇಕಾದಾಗ ಕಿಂಡಿ ತೆರೆಯುವುದಷ್ಟೆ.

ಕೋಬಾಲ್ಟಿನ ಹೆಸರು ಕೇಳಿ ನನಗೆ ಹತ್ತನೆಯ ತರಗತಿಯ ಪಾಠ ನೆನಪಾಯಿತು. ಅರ್ಧಾಯುಷ್ಯವೆಂದರೇನೆಂದು ತಿಳಿಸಲು ನಾನು ಚೌಕಾಬಾರಾ ಆಡಲು ಒಂದು ಬದಿ ತೇದು ಬಿಳಿಮಾಡಿದ ಅರವತ್ತನಾಲ್ಕು ಹುಣಸೆ ಬೀಜಗಳನ್ನು ತರಿಸುತ್ತಿದ್ದೆ. ಮೇಜಿನ ಮೇಲೆ ಚೆಲ್ಲಿ, ಬಿಳಿ ಮೇಲಾಗಿ ಬಿದ್ದವನ್ನು ತೆಗೆದುಹಾಕಿದರೆ ಮೂವತ್ತೆರಡರ ಆಸುಪಾಸು ಉಳಿಯುತ್ತಿದ್ದವು. ಮತ್ತೆ ಚೆಲ್ಲಿದರೆ ಹದಿನಾರರ ಆಸುಪಾಸು. ಯಾವ ಬೀಜ ಹೋಗುತ್ತದೆಂದು ಯಾರೂ ಹೇಳಲಾರರು, ಎಷ್ಟು ಹೋಗುತ್ತವೆಂದು ಎಲ್ಲರೂ ಹೇಳಬಲ್ಲರು. ಕೋಬಾಲ್ಟ್-60 ಹೀಗೆ ಅರ್ಧಕ್ಕಿಳಿಯುವುದು ಐದು ವರ್ಷ ಮೂರು ತಿಂಗಳಿಗೊಮ್ಮೆ. ಇದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಎಂದಷ್ಟೇ ನಾನು ತಿಳಿದಿದ್ದೆ. ಆ ಹೆಣ್ಣುಮಗಳು ಹೇಳಿದಳು: “ಸರ್, ಹೊಸ ಸೋರ್ಸ್ ಇದ್ದಾಗ ಎರಡು ನಿಮಿಷಕ್ಕೆ ಮುಗಿಯುವ ಟ್ರೀಟ್ಮೆಂಟು ಐದು ವರ್ಷದ ನಂತರ ನಾಲ್ಕು ನಿಮಿಷ ಆಗುತ್ತೆ. ದಿನಕ್ಕೆ ಐವತ್ತು ಜನ ಇದ್ದರೆ ಲೆಕ್ಕ ಹಾಕಿ.” ನಾನು ಲೆಕ್ಕ ಹಾಕಿದೆ: ದಿನಕ್ಕೆ ನೂರು ನಿಮಿಷ ಹೆಚ್ಚು. ನೂರು ನಿಮಿಷವೆಂದರೆ ಕೊನೆಯ ಬಸ್ಸು ತಪ್ಪುವ ಹೊತ್ತು.

ಹಾಗೆಂದು ಕೋಬಾಲ್ಟನ್ನು ತಿರಸ್ಕರಿಸುವುದು ನ್ಯಾಯವಲ್ಲ. 1951ರಲ್ಲಿ ಕೆನಡಾದಲ್ಲಿ ಆರಂಭವಾದ ಆ ಚಿಕಿತ್ಸೆ ಪ್ರಪಂಚದ ಬಡ ದೇಶಗಳ ಪಾಲಿಗೆ ದಶಕಗಳ ಕಾಲ ಆಸರೆಯಾಗಿತ್ತು. ನಮ್ಮ ಭಾಭಾ ಪರಮಾಣು ಸಂಶೋಧನಾ ಕೇಂದ್ರವೇ ‘ಭಾಭಾಟ್ರಾನ್’ ಎಂಬ ಕೋಬಾಲ್ಟ್ ಯಂತ್ರವನ್ನು ರೂಪಿಸಿತು. ಕೋಬಾಲ್ಟ್ ಯಂತ್ರ ವೋಲ್ಟೇಜಿಗೆ, ಹವಾನಿಯಂತ್ರಣಕ್ಕೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಹೊಸ ಯಂತ್ರ ಸೂಕ್ಷ್ಮ ಪ್ರಕೃತಿಯದು. ಅದರ ರುಚಿ ನಮಗೂ ತೋರಿತು, ಮುಂದೆ ಹೇಳುತ್ತೇನೆ.

ಜುಲೈ 1, ಸೋಮವಾರ ಮೊದಲ ದಿನ. ಕೆಂಪು ದೀಪ ಹತ್ತಿತು, ಭಾರಿ ಬಾಗಿಲು ಮುಚ್ಚಿತು, ಮೀಟರಿಗೂ ಮಿಕ್ಕ ದಪ್ಪದ ಕಾಂಕ್ರೀಟ್ ಗೋಡೆಯ ಆಚೆ ಭಾವ ಒಬ್ಬರೇ. ಹೊರಗೆ ಟೆಕ್ನಿಷಿಯನ್ ಹುಡುಗ ಟಿ.ವಿ. ಪರದೆಯಲ್ಲಿ ಅವರನ್ನು ನೋಡುತ್ತ, ಮೈಕಿನಲ್ಲಿ “ಅಜ್ಜಾ, ಆರಾಮಾಗಿ ಉಸಿರಾಡಿ, ಆಯ್ತು ಆಯ್ತು” ಎನ್ನುತ್ತಿದ್ದ. ಹತ್ತು ನಿಮಿಷ ಕಳೆಯುವುದರೊಳಗೆ ಬಾಗಿಲು ತೆರೆಯಿತು. ನೋವಿಲ್ಲ, ಶಾಖವಿಲ್ಲ, ಎಕ್ಸ್‌ರೇ ತೆಗೆಸಿದ ಹಾಗೆ. “ಇಷ್ಟೇನಾ?” ಎಂದರು ಭಾವ.

ಬೆಂಚಿನ ಮೇಲಿನವರ ಕುಶಲಪ್ರಶ್ನೆಯೇ ಬೇರೆ. ಊಟವಾಯಿತೇ, ಹೇಗಿದ್ದೀರಿ ಎಂದು ಯಾರೂ ಕೇಳುವುದಿಲ್ಲ, “ನಿಮ್ಮದು ಎಷ್ಟನೇ ಕರೆಂಟು?” ಎಂದು ಕೇಳುತ್ತಾರೆ. ಐದನೆಯದು ಎಂದವರನ್ನು ಇಪ್ಪತ್ತೈದನೆಯವರು ಹಿರಿಯ ವಿದ್ಯಾರ್ಥಿ ಕಿರಿಯನನ್ನು ನೋಡುವಂತೆ ನೋಡುತ್ತಾರೆ. ಸಾಗರದವರು, ಶಿಕಾರಿಪುರದವರು, ಹೊಸನಗರದವರು, ಚನ್ನಗಿರಿಯವರು ಎಲ್ಲರೂ ಅಲ್ಲಿದ್ದರು. ಹೊಸದಾಗಿ ಬಂದವರೆಲ್ಲರ ಒಂದು ಪ್ರಶ್ನೆ, ಸಾಮಾನ್ಯವಾಗಿ ತಗ್ಗಿದ ದನಿಯಲ್ಲಿ, ಮನೆಯಲ್ಲಿರುವ ಮೊಮ್ಮಕ್ಕಳನ್ನು ಮುಟ್ಟಬಹುದೇ ಎಂಬುದು. ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಸಿಸ್ಟರು ಇದನ್ನು ದಿನಕ್ಕೆ ಹತ್ತು ಬಾರಿ ಹೇಳುತ್ತಿದ್ದರು. ಆದರೂ ಹೆಂಗಸೊಬ್ಬರು ತಮ್ಮ ತಟ್ಟೆ ಲೋಟವನ್ನು ಮನೆಯಲ್ಲಿ ಬೇರೆ ಇಟ್ಟಿದ್ದಾರೆಂದು ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಮರುದಿನ ವೈದ್ಯರು ಆಕೆಯ ಸೊಸೆಯನ್ನು ಕರೆಸಿ ಮಾತನಾಡಿದರು. ಸೊಸೆ ಒಂದೂವರೆ ಗಂಟೆಯ ಹಾದಿಯಲ್ಲಿದ್ದುದರಿಂದ ಕರೆಸುವುದು ಸಾಧ್ಯವಾಯಿತು.

ಖರ್ಚಿನ ವಿಷಯವನ್ನೂ ಹೇಳಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಿಂದ ಬಿ.ಪಿ.ಎಲ್. ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ನಿಗದಿತ ದರದ ನೂರಕ್ಕೆ ಮೂವತ್ತರಷ್ಟು ನೆರವು. ಬೆಂಚಿನ ಮೇಲಿದ್ದ ಬಹುಮಂದಿಗೆ ಕಿರಣದ ಖರ್ಚು ಕಾರ್ಡಿನಲ್ಲೇ ಮುಗಿದಿತ್ತು. ಆದರೆ ಕಾರ್ಡು ಬಸ್ಸಿನ ಟಿಕೇಟು ಕೊಡುವುದಿಲ್ಲ, ಕೂಲಿ ತಪ್ಪಿದ್ದನ್ನು ತುಂಬುವುದಿಲ್ಲ. ಚನ್ನಗಿರಿ ಕಡೆಯ ಹೆಣ್ಣುಮಗಳೊಬ್ಬಳು, ದೊಡ್ಡಮ್ಮನದೇ ಕಾಯಿಲೆ, ದಿನವೂ ಸರ್ಕಾರಿ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೇಟಿಲ್ಲವಾದ್ದರಿಂದ ತನಗೂ ಜೊತೆಗೆ ಬರುವ ತಂಗಿಗೂ ಖರ್ಚಿಲ್ಲ ಎಂದಳು. ನಮ್ಮ ತೀರ್ಥಹಳ್ಳಿಯ ಹಾದಿಯಲ್ಲಿ ಓಡುವ ಬಸ್ಸುಗಳು ಬಹುಪಾಲು ಖಾಸಗಿಯವು. ಅಲ್ಲಿ ಆ ಸೌಲಭ್ಯವಿಲ್ಲ. ಗಾರೆ ಕೆಲಸದ ಒಬ್ಬಾತ ಬೆಳಗಿನ ಏಳೂವರೆಗೇ ಮೊದಲ ಸರದಿ ಕೇಳಿ ಪಡೆದು, ಮುಗಿಸಿ, ತಾಯಿಯನ್ನು ಬಸ್ಸು ಹತ್ತಿಸಿ, ಒಂಬತ್ತಕ್ಕೆ ಕೆಲಸಕ್ಕೆ ಹಾಜರಾಗುತ್ತಿದ್ದ. ಇಂಥ ಸಣ್ಣ ಸಣ್ಣ ಹೊಂದಾಣಿಕೆಗಳ ಮೇಲೆಯೇ ಆ ಮೂವತ್ತು ದಿನಗಳ ಸೇತುವೆ ನಿಂತಿರುತ್ತದೆ. ಅದನ್ನು ಯಾವ ಯೋಜನೆಯ ಕಡತದಲ್ಲೂ ಬರೆದಿರುವುದಿಲ್ಲ.

ಭಾವನಿಗೆ ಎರಡು ವಾರ ಏನೂ ಅನಿಸಲಿಲ್ಲ. ಶುಕ್ರವಾರ ಚಿಕಿತ್ಸೆ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುವುದು, ಸೋಮವಾರ ಬೆಳಿಗ್ಗೆ ಬರುವುದು. ಮಳೆ ಜಡಿಯುತ್ತಿತ್ತು. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ಕಾಲ. ಮಳೆ ಹೊಳವಾದ ಗಂಟೆಗಳನ್ನೇ ಕಾದು ಗೊನೆಗೆ ಔಷಧಿ ಬೀಳಬೇಕು. ಶನಿವಾರ, ಭಾನುವಾರ ಅವರೇ ಮುಂದೆ ನಿಂತು ಎರಡನೆಯ ಸಲದ ಔಷಧಿ ಹೊಡೆಸಿದರು. ಅಡಿಕೆಯ ಬಗ್ಗೆ ಅವರ ಬಳಿ ಮಾತನಾಡುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಭಾವ ಅದನ್ನು ಪತ್ರಿಕೆಯಲ್ಲಿ ಓದಿದವರೇ. “ಎರಡು ಮಕ್ಕಳನ್ನು ಇಂಜಿನಿಯರ್ ಮಾಡಿದ್ದು ಅದೇ ಮರ, ಈ ಕೆನ್ನೆ ತೆಗೆದದ್ದೂ ಅದೇ ಮರ. ನಾನು ಯಾವುದನ್ನು ಬೈಲಿ?” ಎಂದರು ಒಮ್ಮೆ. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮೂರನೆಯ ವಾರದಲ್ಲಿ ನಿಜವಾದ ಪರೀಕ್ಷೆ ಶುರುವಾಯಿತು. ಬಾಯೊಳಗೆಲ್ಲ ಬಿಳಿಯ ಹುಣ್ಣು, ಎಂಜಲು ಅಂಟಂಟು, ಆಮೇಲೆ ಎಂಜಲೇ ಇಲ್ಲ, ನಾಲಿಗೆಗೆ ಸಿಹಿಯೂ ಇಲ್ಲ ಉಪ್ಪೂ ಇಲ್ಲ. ಕೆನ್ನೆಯ ಚರ್ಮ ಬಿಸಿಲಿಗೆ ಬೆಂದಂತೆ ಕಪ್ಪಾಯಿತು. ಶಾಖವಿಲ್ಲದ ಕಿರಣ ಹೇಗೆ ಸುಟ್ಟಿತು ಎಂದು ಅವರು ಕೇಳಿದ್ದು ನ್ಯಾಯವೇ. ಬೇಗಬೇಗ ಹೊಸದಾಗಬೇಕಾದ ಬಾಯಿಯ ತೊಗಲು ಹೊಸದಾಗಲಾರದೆ ಹೋದುದರ ಫಲ ಅದು. ಅಕ್ಕ ಅಡುಗೆಮನೆಯನ್ನೇ ಬದಲಿಸಿದಳು. ಖಾರವಿಲ್ಲದ, ಮೆಣಸಿಲ್ಲದ ಒಂದೆಲಗದ ತಂಬುಳಿ, ಜರಡಿ ಹಿಡಿದ ಗಂಜಿ, ಕಿವುಚಿದ ಮೊಸರನ್ನ, ತೆಳ್ಳಗಿನ ರಾಗಿ ಅಂಬಲಿ. ಎರಡು ಗಂಟೆಗೊಮ್ಮೆ ಉಪ್ಪು, ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಸೋಮವಾರಕ್ಕೊಮ್ಮೆ ಸಿಸ್ಟರು ತೂಕ ನೋಡುತ್ತಿದ್ದರು. ಅರುವತ್ತೊಂದು ಕಿಲೋ ಇದ್ದವರು ಐವತ್ತಾರಕ್ಕೆ ಇಳಿದರು. ಇನ್ನೂ ಇಳಿದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆಂದು ಎಚ್ಚರಿಸಿದರು.

ಹದಿನೇಳನೆಯ ದಿನ ಮನೆಗೆ ಬಂದವರು ಹಾಳೆಯ ಮೇಲೆ ಬರೆದು ತೋರಿಸಿದರು, ಮಾತನಾಡಲು ನೋವು: “ಸಾಕು. ನಾಳೆ ಊರಿಗೆ.” ನನಗೆ ಎದುರಿಗೆ ಕಂಡದ್ದು ದೊಡ್ಡಮ್ಮ. ವಾದ ಮಾಡಲು ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: “ಹೋಗುವಾ. ಶುಕ್ರವಾರ ಹೇಗೂ ಹೋಗ್ತೇವಲ್ಲ. ನಡುವೆ ಮೂರು ದಿನ ಉಂಟು, ಆ ಮೂರು ಕರೆಂಟು ಮುಗಿಸಿಯೇ ಹೋಗುವಾ.” ಇದಕ್ಕೆ ಭಾವನ ಬಳಿ ಉತ್ತರವಿರಲಿಲ್ಲ. ಊರು ಎಂಬುದು ಅವರಿಗೆ ಆರು ವಾರಗಳಾಚೆ ಇರಲಿಲ್ಲ, ಮೂರು ದಿನಗಳಾಚೆ ಇತ್ತು. ಛತ್ರದಲ್ಲಿ ಕೂತ ದೊಡ್ಡಮ್ಮನಿಗೆ ಯಾರಾದರೂ ಈ ಮಾತನ್ನು ಹೇಳುವಂತಿರಲಿಲ್ಲ, ಏಕೆಂದರೆ ಆಕೆಯ ಪಾಲಿಗೆ ಅಂಥ ಶುಕ್ರವಾರವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಭಾವ ಏನೂ ಬರೆಯದೆ ಚಪ್ಪಲಿ ಮೆಟ್ಟಿ ಆಟೋ ಹತ್ತಿದರು. ಆಸ್ಪತ್ರೆಯಲ್ಲಿ ವೈದ್ಯರು ನೋವಿನ ಔಷಧಿ ಬದಲಿಸಿ, ಊಟಕ್ಕೆ ಮುಂಚೆ ಬಾಯಿ ಮರಗಟ್ಟಿಸುವ ದ್ರಾವಣ ಕೊಟ್ಟರು. ಅದು ಸ್ವಲ್ಪ ಹಿಡಿಯಿತು.

ಐದನೆಯ ವಾರ ಯಂತ್ರ ಕೆಟ್ಟಿತು. ಸಿಡಿಲು ಮಳೆಯ ರಾತ್ರಿ ಕಳೆದು ಬೆಳಿಗ್ಗೆ ಹೋದರೆ ಬಾಗಿಲ ಮೇಲೆ ಚೀಟಿ. ಬಿಡಿಭಾಗ ಬೆಂಗಳೂರಿನಿಂದ ಬರಬೇಕು, ಇಂಜಿನಿಯರೂ ಅಲ್ಲಿಂದಲೇ. ಒಂದೇ ಯಂತ್ರವಿರುವ ಆಸ್ಪತ್ರೆಯ ದೊಡ್ಡ ದೌರ್ಬಲ್ಯ ಇದು. ಇದನ್ನು ಮರೆಮಾಚಿ ಹೊಗಳಿದರೆ ಸುಳ್ಳಾಗುತ್ತದೆ. ಎರಡು ಯಂತ್ರಗಳಿರುವ ದೊಡ್ಡ ಕೇಂದ್ರಗಳಲ್ಲಿ ಒಂದು ಕೆಟ್ಟರೆ ಇನ್ನೊಂದಕ್ಕೆ ಕಳುಹಿಸಬಹುದು. ಇಲ್ಲಿ ನಾವು ಎರಡು ದಿನ ಸುಮ್ಮನೆ ಕೂತೆವು. ಯಾವಾಗ ಸರಿಹೋಗುತ್ತದೆಂದು ಮೊದಲ ದಿನ ಸರಿಯಾಗಿ ಹೇಳುವವರೂ ಇರಲಿಲ್ಲ. ದೂರದಿಂದ ಬಂದವರು ಮತ್ತೆ ಬಸ್ಸು ಹತ್ತಿ ಹೋದರು. ಚನ್ನಗಿರಿಯ ಹೆಣ್ಣುಮಗಳು ಬೆಂಚಿನ ಮೇಲೆಯೇ ಬುತ್ತಿ ಬಿಚ್ಚಿ ಉಂಡು ಹೊರಟಳು. ಮೂರನೆಯ ದಿನ ಯಂತ್ರ ನಡೆಯಿತು. ತಪ್ಪಿದ ಒಂದು ದಿನಕ್ಕೆ ಬದಲು ಆ ಶನಿವಾರ ವಿಭಾಗವನ್ನು ತೆರೆದಿಟ್ಟು ರಾತ್ರಿ ಎಂಟರವರೆಗೆ ಎಲ್ಲರಿಗೂ ಕೊಟ್ಟರು. ಟೆಕ್ನಿಷಿಯನ್ ಹುಡುಗ ಅಂದು ಮಧ್ಯಾಹ್ನದ ಊಟ ಮಾಡಿದ್ದನ್ನು ನಾನು ನೋಡಲಿಲ್ಲ.

ಹತ್ತು ಲಕ್ಷ ಜನರಿಗೆ ಒಂದಾದರೂ ಯಂತ್ರ ಬೇಕೆಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮ ದೇಶದಲ್ಲಿರುವುದು ಅದಕ್ಕಿಂತ ಕಡಿಮೆ, ಇರುವವೂ ಬಹುಪಾಲು ದೊಡ್ಡ ನಗರಗಳಲ್ಲಿ. 2011ರ ಜನಗಣತಿಯ ಪ್ರಕಾರ ಶಿವಮೊಗ್ಗ ಜಿಲ್ಲೆಯೊಂದರ ಜನಸಂಖ್ಯೆಯೇ ಹದಿನೇಳೂವರೆ ಲಕ್ಷ. ಬೆಂಗಳೂರಿನಲ್ಲಿ ಇನ್ನೊಂದು ಹೊಸ ಯಂತ್ರ ಬಂದಿತೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಸಂತೋಷವೇ ಆಗುತ್ತದೆ. ಆದರೆ ಅದು ಹಾವೇರಿಗೋ ಚಿಕ್ಕಮಗಳೂರಿಗೋ ಬೀದರಿಗೋ ಹೋಗಿದ್ದರೆ ಎಷ್ಟು ಜನರ ಅರ್ಧಂಬರ್ಧ ಚಿಕಿತ್ಸೆ ಪೂರ್ತಿಯಾಗುತ್ತಿತ್ತು ಎಂಬ ಯೋಚನೆಯೂ ಜೊತೆಗೇ ಬರುತ್ತದೆ. ಯಂತ್ರ ತಂದರಷ್ಟೇ ಸಾಲದು, ಅದನ್ನು ನಡೆಸಬಲ್ಲ ವೈದ್ಯರು, ಭೌತವಿಜ್ಞಾನಿ, ಟೆಕ್ನಿಷಿಯನ್‌ಗಳು ಸಣ್ಣ ಊರಿನಲ್ಲಿ ನೆಲೆಸಲು ಒಪ್ಪಬೇಕು ಎಂಬುದು ನಿಜವೇ. ಮೇಷ್ಟ್ರುಗಳನ್ನು ಕುಗ್ರಾಮಗಳಿಗೆ ವರ್ಗ ಮಾಡಿದಾಗ ನಮ್ಮನ್ನು ಯಾರೂ ಒಪ್ಪಿಗೆ ಕೇಳುತ್ತಿರಲಿಲ್ಲ ಎಂದು ತಮಾಷೆಗೆ ಹೇಳಬಹುದಾದರೂ.

ಆಗಸ್ಟ್ 9ರಂದು ನಾಗರಪಂಚಮಿ. ಭಾವ ಬೆಳಿಗ್ಗೆಯೇ ಇಪ್ಪತ್ತೊಂಬತ್ತನೆಯದನ್ನು ಮುಗಿಸಿಕೊಂಡು ಊರಿಗೆ ಹೋಗಿ ಬನದಲ್ಲಿ ಹಾಲೆರೆದರು. 12ರ ಸೋಮವಾರ ಮೂವತ್ತನೆಯದು. ಬೆಂಚಿನವರೆಲ್ಲ ಎದ್ದು ನಿಂತು ಕೈಮುಗಿದರು. ಟೆಕ್ನಿಷಿಯನ್ ಹುಡುಗ “ಬೇಕಾ ಅಜ್ಜಾ?” ಎಂದು ಮುಖವಾಡವನ್ನು ಕೈಗಿತ್ತ. ಅಕ್ಕ ಬೇಡವೆಂದಳು, ಭಾವ ಚೀಲಕ್ಕೆ ಹಾಕಿಕೊಂಡರು. ಅದನ್ನೀಗ ಮನೆಯ ಹಿತ್ತಿಲಲ್ಲಿ ಬದನೆ ಸಾಲಿನ ನಡುವೆ ಕೋಲಿಗೆ ಸಿಕ್ಕಿಸಿದ್ದಾರೆ. ಹಕ್ಕಿಗಳು ಹೆದರುತ್ತವೋ ಇಲ್ಲವೋ, ಸಂಜೆಯ ಹೊತ್ತಿನಲ್ಲಿ ಹೊಸಬರು ಖಂಡಿತ ಹೆದರುತ್ತಾರೆ.

ಹುಣ್ಣು ಮಾಯಲು ಒಂದೂವರೆ ತಿಂಗಳು ಹಿಡಿಯಿತು. ನಾಲಿಗೆಗೆ ಮೊದಲು ಮರಳಿದ್ದು ಹುಳಿ, ಆಮೇಲೆ ಉಪ್ಪು. ಸಿಹಿ ಇನ್ನೂ ಪೂರ್ತಿ ಬಂದಿಲ್ಲ ಎನ್ನುತ್ತಾರೆ, ಅಕ್ಕನಿಗೆ ಅದು ಕಾಫಿಗೆ ಸಕ್ಕರೆ ಕೇಳುವ ನೆಪವೆಂದು ಅನುಮಾನ. ಎಂಜಲು ಕಡಿಮೆಯಾದ್ದರಿಂದ ನೀರಿನ ಬಾಟಲಿ ಸದಾ ಹೆಗಲಲ್ಲಿರುತ್ತದೆ. ಬಾಯಿ ಬಿಗಿದುಕೊಳ್ಳದಂತೆ ದಿನಕ್ಕೆ ಐದು ಬಾರಿ ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಅಗಲಿಸುವ ಅಭ್ಯಾಸ ಹೇಳಿಕೊಟ್ಟಿದ್ದಾರೆ. ಒಂಬತ್ತು ಕಡ್ಡಿಗಳಿಂದ ಆರಂಭಿಸಿದವರು ಈಗ ಹದಿನಾಲ್ಕಕ್ಕೆ ಬಂದಿದ್ದಾರೆ. ತಪಾಸಣೆ ಎರಡು ತಿಂಗಳಿಗೊಮ್ಮೆ. ಮುಂದಿನದು ಬರುವ ತಿಂಗಳ ಎರಡನೆಯ ಬುಧವಾರ. ಬೆಳಗಿನ ಏಳರ ಬಸ್ಸಿಗೆ ಹೊರಟು, ಡಾಕ್ಟರನ್ನು ಕಂಡು, ನಮ್ಮಲ್ಲಿ ಊಟ ಮುಗಿಸಿ, ಕತ್ತಲಾಗುವ ಮೊದಲು ಮನೆ ಸೇರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಾರೆ.